ಜೂಬಿಲಿಯನ್ನು ಮಲಗಿಸಿದ ಹಾಡು

ಸಾವು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ರಾಸ್ ಇಥಿಯೆಲ್ ಎದ್ದು ಹೋಗುತ್ತಿದ್ದ. ಹೆತ್ತ ಅಪ್ಪ ತೀರಿಕೊಂಡಾಗಲೂ ಮಣ್ಣಿಗೆ ಹೋಗದ ಆಸಾಮಿ. ಜೀವಂತ ದೇವರನ್ನು ನಂಬಿದವನಿಗೆ ಸತ್ತವರ ಬಳಿ ಏನು ಕೆಲಸ ಎನ್ನುವುದು ಅವನ ಕೂಟದ ಜಡೆಧಾರಿಗಳ ಕಟ್ಟಳೆ. ಅಂಥವನ ದನಿಯೇ ಒಬ್ಬನ ಸಾವಿಗೆ ಮುಹೂರ್ತ ಇಟ್ಟಿತು ಎಂದರೆ ಯಾರು ನಂಬುತ್ತಾರೆ? ಕಿಂಗ್‌ಸ್ಟನ್‌ನ ಪಡುವಣ ಓಣಿಗಳಲ್ಲಿ ಆ ಸುದ್ದಿ ಎತ್ತಿದರೆ ಇವತ್ತಿಗೂ ಜನ ಮಾತು ನಿಲ್ಲಿಸಿಬಿಡುತ್ತಾರೆ.

ಅವನು ಹುಟ್ಟಿದ್ದು ಸೇಂಟ್ ಥಾಮಸ್ ಕಡೆಯ ಕಬ್ಬಿನ ಸೀಮೆಯಲ್ಲಿ, ಲಿನ್ವಲ್ ಪಿನಕ್ ಎಂಬ ಹೆಸರಿನಲ್ಲಿ. ಕಂಠ ಪಳಗಿದ್ದು ಅಮ್ಮನ ಚರ್ಚಿನಲ್ಲಿ. ಅವನು ಜಡೆ ಬಿಡಲು ಹೊರಟಾಗ ಅದೇ ಅಮ್ಮ ಬಾಚಣಿಗೆಯನ್ನು ಅವನ ಮುಖಕ್ಕೆ ಎಸೆದು, “ತಲೆ ಬಾಚ್ಕೊಂಡು ಒಳಗೆ ಬಾ, ಇಲ್ಲಾಂದ್ರೆ ಹಾಗೇ ಹೋಗು” ಎಂದಳು. ಅವನು ಹಾಗೇ ಹೋದ. ಗುಡ್ಡದ ಮೇಲೆ ರಾಸ್ತಾಗಳೆಂಬ ಆ ಜಡೆಧಾರಿಗಳ ಕೂಟದಲ್ಲಿ ಡೋಲು ಕಲಿತ, ರಾಸ್ ಇಥಿಯೆಲ್ ಎಂಬ ಹೊಸ ಹೆಸರು ಪಡೆದ, ಮಾಂಸ ಬಿಟ್ಟ, ಉಪ್ಪು ಬಿಟ್ಟ, ಕೊನೆಗೆ ‘ನಾನು’ ಎನ್ನುವುದನ್ನೂ ಬಿಟ್ಟ. ಅಲ್ಲಿ ‘ನಾನೂ ನಾನೂ’ ಎನ್ನಬೇಕು. ಆಡುವವನು, ಕೇಳುವವನು, ಇಬ್ಬರೊಳಗಿನ ದೇವರು ಬೇರೆ ಬೇರೆಯಲ್ಲ ಎಂದು ಅದರ ಅರ್ಥ.

‘ಹೊಳೆಯೇ ದಾರಿ ಬಿಡು’ ಎಂಬ ಅವನ ಹಾಡು ದ್ವೀಪದ ತುಂಬ ಮೊಳಗಿತು. ಅದನ್ನು ಮಾರಿದವನಿಗೆ ಮಾಳಿಗೆ ಮನೆಯಾಯಿತು, ಹಾಡಿದವನಿಗೆ ಹೆಸರಾಯಿತು. ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ? ಬೆಳಗಿನ ಹೊಟ್ಟೆ ತುಂಬಿಸುತ್ತಿದ್ದವಳು ಓಣಿಯ ತುದಿಯಲ್ಲಿ ಜೋಳದ ಗಂಜಿ ಮಾರುವ ಮಿಸ್ ಐವರೀನ್. ಕೊಳಗಕ್ಕೆ ಉಪ್ಪು ಹಾಕುವ ಮೊದಲೇ ಅವನ ಬಟ್ಟಲನ್ನು ತೆಗೆದಿಡುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಎವೆರಾಲ್ಡ್. ಚಿಕ್ಕಂದಿನಲ್ಲಿ ಇಥಿಯೆಲ್‌ನ ಡೋಲಿಗೆ ತಲೆ ಕೊಟ್ಟೇ ನಿದ್ದೆ ಹೋಗುತ್ತಿದ್ದ. ಬೆಳೆದು ಹಡಗುಕಟ್ಟೆಯಲ್ಲಿ ಮೂಟೆ ಹೊರುವ ಕೆಲಸ ಹಿಡಿದು, ಓಣಿಯಂಚಿನ ದೊಡ್ಡ ಮೋರಿಯಾಚೆ ಸಂಸಾರ ಹೂಡಿದ. ಮೋರಿಯ ಈ ಕಡೆ ಒಂದು ಪಕ್ಷ, ಆ ಕಡೆ ಇನ್ನೊಂದು. ಬಂದೂಕು ಮಾತ್ರ ಎರಡೂ ಕಡೆ.

ಇಥಿಯೆಲ್‌ಗೆ ಅನ್ನ ಕೊಡುತ್ತಿದ್ದದ್ದು ಸ್ಪೆಷಲ್‌ಗಳು. ಬೀದಿಯಲ್ಲಿ ಸ್ಪೀಕರ್ ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿ, ಹಾಡಿನ ತಟ್ಟೆ ಹಾಕಿ ಜನರನ್ನು ಕುಣಿಸುವ ತಂಡಕ್ಕೆ ಅಲ್ಲಿ ಸೌಂಡ್ ಎನ್ನುತ್ತಾರೆ. ಸೌಂಡಿಗೂ ಸೌಂಡಿಗೂ ಹಾವು ಮುಂಗುಸಿಯ ಜಿದ್ದು. ಹಾಡುಗಾರನಿಂದ ಅವನ ಹಾಡನ್ನೇ ಮತ್ತೆ ಹಾಡಿಸಿ, ನಡುವೆ ಎದುರಾಳಿ ಸೌಂಡಿನ ಹೆಸರು ಹಾಕಿ, ಕೊಲ್ಲುತ್ತೇವೆ, ಹೂಳುತ್ತೇವೆ ಎಂದು ಹೇಳಿಸಿದರೆ ಅದು ಸ್ಪೆಷಲ್. ಅದರಿಂದ ನೊಣವೂ ಸಾಯುವುದಿಲ್ಲ. ಸೋತವರು ತಂತಿ ಸುತ್ತಿಕೊಂಡು ಮನೆಗೆ ಹೋಗುತ್ತಾರೆ, ಅಷ್ಟೆ.

ಒಂದು ದಿನ ಗುರುತಿಲ್ಲದ ಒಬ್ಬ ಸ್ಟುಡಿಯೋಗೆ ಬಂದ. ಬಂಗಾರದ ಹಲ್ಲು, ಇಸ್ತ್ರಿ ಮಾಡಿದ ಅಂಗಿ.

“ರಾಸ್, ಒಂದು ಸ್ಪೆಷಲ್ ಬೇಕು. ಜೂಬಿಲಿನ ಮುಗಿಸ್ಬೇಕು.”

ಯಾವುದೋ ಹೊಸ ಸೌಂಡು ಎಂದುಕೊಂಡ ಇಥಿಯೆಲ್. “ಏನಂತೆ ಜೂಬಿಲಿದು?”

“ಈಚೆಗೆ ಸದ್ದು ಜಾಸ್ತಿ ಆಗಿದೆ. ಶನಿವಾರ ಬಾಯಿ ಮುಚ್ಚಿಸ್ಬೇಕು.”

“ಕೊಲ್ಲು ಗಿಲ್ಲು ಅಂತ ಬಾಯಲ್ಲಿ ಬರಲ್ಲಪ್ಪ ನಾನೂ ನಾನೂಗೆ. ಬೇಕಾದ್ರೆ ಮಲಗಿಸ್ತೀನಿ.”

“ಮಲಗಿಸು ರಾಸ್,” ಎಂದು ಅವನು ಹಲ್ಲು ಬಿಟ್ಟ. “ಚೆನ್ನಾಗಿ ಮಲಗಿಸು.”

ಇಥಿಯೆಲ್ ಮನಸಾರೆ ಹಾಡಿದ. ಹೊಳೆಯೇ ದಾರಿ ಬಿಡು, ಜೂಬಿಲಿ ಮಲಗಲಿ, ಶನಿವಾರದ ಸಂಜೆಗೆ ಜೂಬಿಲಿ ಮಲಗಲಿ.

ಭಾನುವಾರ ಬೆಳಿಗ್ಗೆ ಬಟ್ಟಲು ಹಿಡಿದು ಗಂಜಿಗೆ ಹೋದರೆ ಒಲೆ ಹೊತ್ತಿರಲಿಲ್ಲ. ಮಿಸ್ ಐವರೀನ್ ಅಂಗಳದಲ್ಲಿ ಜನವೋ ಜನ. ಅವನನ್ನು ಕಂಡು ಎಲ್ಲರೂ ಸರಿದು ದಾರಿ ಬಿಟ್ಟರು. ಯಾರೋ, “ಬಂದ ನೋಡು, ಮಲಗ್ಸೋನು” ಎಂದು ಉಗಿದರು. ಅವನಿಗೆ ತಲೆಬುಡ ತಿಳಿಯಲಿಲ್ಲ.

“ನಿನ್ನೆ ಸಂಜೆ ಜೂಬಿಲಿನ ಗುಂಡು ಹೊಡೆದು ಕೊಂದ್ರು,” ಎಂದಳು ಮಿಸ್ ಐವರೀನ್. ಅವಳ ಕಣ್ಣು ಒಣಗಿತ್ತು.

“ಜೂಬಿಲಿ ಅಂದ್ರೆ ಸೌಂಡಲ್ವಾ?”

“ನನ್ನ ಎವೆರಾಲ್ಡು ಕಣೋ! ಕಟ್ಟೇಲಿ ಅವನನ್ನ ಹಾಗೇ ಕರೆಯೋದು. ಬಾಗಿಲ ಮುಂದೆ ಪೆಟ್ಟಿಗೆ ಇಟ್ಟು ನಿನ್ನ ಹಾಡು ಹಾಕಿದ್ರಂತೆ. ನಿನ್ನ ದನಿ ಅಂತ ಬಾಗಿಲು ತೆಗೆದನಂತೆ. ನಗ್ತಾ ತೆಗೆದನಂತೆ.”

ಇಥಿಯೆಲ್‌ನ ಕೈಯಲ್ಲಿ ಖಾಲಿ ಬಟ್ಟಲು. ಅದನ್ನು ಎಲ್ಲಿಡಬೇಕೆಂದು ಕೂಡ ತೋಚಲಿಲ್ಲ.

“ಮಣ್ಣಿಗೆ ಬಾ,” ಎಂದಳು ಅವಳು. “ನಿಂಗೆ ಗೊತ್ತಿತ್ತೋ ಇಲ್ವೋ ಅವನ ಮುಂದೆ ನಿಂತು ಹೇಳು. ಇಲ್ಲಿ ಹೇಳಿದ್ರೆ ನಾನು ನಂಬಲ್ಲ.”

ಉಂಡ ಮನೆಗೆ ಎರಡು ಬಗೆದವನೆಂದು ಓಣಿ ಆಡಿಕೊಂಡಿತು. ಕೂಟದ ಹಿರಿಯ ಬೊಂಗೊ ಹೆಜ್ರನ್ ಅವನನ್ನು ಕರೆಸಿಕೊಂಡು ಹೇಳಿದ: “ಹೆಣದ ಹತ್ರ ಹೋದೆಯೋ, ಈ ಡೋಲು ಮತ್ತೆ ನಿಂಗಿಲ್ಲ.” ಇಪ್ಪತ್ತು ವರ್ಷ ಅವನಿಗೆ ಮನೆ, ದೇವರು, ಬಂಧು ಬಳಗ ಎಲ್ಲವೂ ಆಗಿದ್ದದ್ದು ಆ ಡೋಲು. ಇಥಿಯೆಲ್ ಅದರ ಮೇಲೆ ಒಮ್ಮೆ ಅಂಗೈ ಇಟ್ಟು, ಗುಡ್ಡ ಇಳಿದ.

ಗುಂಡಿಯ ಅಂಚಿನಲ್ಲಿ ಅವನು ಬಂದು ನಿಂತಾಗ ಹಾಡುತ್ತಾನೆಂದೇ ಎಲ್ಲರೂ ಅಂದುಕೊಂಡರು. ಹಾಡಲಿಲ್ಲ.

“ಗೊತ್ತಿರ್ಲಿಲ್ಲ, ಎವೆರಾಲ್ಡ್. ಆದ್ರೆ ಜೂಬಿಲಿ ಯಾರು ಅಂತ ನಾನು ಕೇಳ್ಲೂ ಇಲ್ಲ. ನಾನು ಕೇಳ್ಬೇಕಿತ್ತು.”

ಒಂದೇ ‘ನಾನು’. ಆ ತಪ್ಪಿನಲ್ಲಿ ಪಾಲು ಕೊಡಲು ಅವನಿಗೆ ಯಾರೂ ಇರಲಿಲ್ಲ, ದೇವರೂ ಇರಲಿಲ್ಲ. ಮಿಸ್ ಐವರೀನ್ ಬಗ್ಗಿ, ಒಂದು ಹಿಡಿ ಮಣ್ಣು ತೆಗೆದು ಅವನ ಅಂಗೈಗೆ ಸುರಿದಳು.

ಕೂಟದ ಬಾಗಿಲು ಮುಚ್ಚಿತು. ಗಂಜಿಯ ಒಲೆ ಮತ್ತೆ ಹೊತ್ತಿತು. ಅವನ ಉಪ್ಪಿಲ್ಲದ ಬಟ್ಟಲನ್ನು ಅವಳು ಈಗಲೂ ತೆಗೆದಿಡುತ್ತಾಳೆ, ಮುಖ ಮಾತ್ರ ನೋಡುವುದಿಲ್ಲ. ಇಥಿಯೆಲ್ ಹಾಡುವುದನ್ನೇನೂ ಬಿಡಲಿಲ್ಲ. ಸ್ಪೆಷಲ್ ಕೇಳಿಕೊಂಡು ಹೊಸ ಹುಡುಗರು ಬರುತ್ತಲೇ ಇದ್ದಾರೆ.

“ರಾಸ್, ‘ಕೆಂಪು ಗರುಡ’ನ್ನ ಮಲಗಿಸಿಕೊಡಬೇಕು.”

“ಅವರಮ್ಮನ ಹೆಸರೇನು?”

“ಅಯ್ಯೋ, ಸೌಂಡಿಗೆ ಎಲ್ಲಿಯ ಅಮ್ಮ, ರಾಸ್?” ಎಂದು ಹುಡುಗರು ಬಿದ್ದು ಬಿದ್ದು ನಗುತ್ತಾರೆ.

ಅವನು ನಗುವುದಿಲ್ಲ. “ವಿಚಾರಿಸ್ಕೊಂಡು ಬನ್ನಿ,” ಎಂದು ಮೈಕಿನ ಮುಂದಿನಿಂದ ಎದ್ದುಬಿಡುತ್ತಾನೆ.