ಎಡಗೈಯ ಮೇಷ್ಟ್ರು

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಭಾನುವಾರ ಶಿಕಾರಿಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದೆ. ಪಾಠಕ್ಕೆ ಒದಗುವಂಥದ್ದು ಏನಾದರೂ ಬೇಕಿತ್ತು. ಅಲ್ಲಿನ ಹಳೆಯ ಸೀಡಿಯೊಂದರಲ್ಲಿ ವಿಷಯಗಳ ನಕ್ಷೆ ಬರೆಯುವ ಒಂದು ಸಾಫ್ಟ್‌ವೇರ್ ಸಿಕ್ಕಿತು. ಒಂದು ವಿಷಯ ಒಂದು ಚೌಕದಲ್ಲಿ, ಇನ್ನೊಂದು ಮತ್ತೊಂದರಲ್ಲಿ, ನಡುವೆ ಗೆರೆ; ಗೆರೆಯ ಮೇಲೆ ಅವೆರಡರ ಸಂಬಂಧ ಹೇಳುವ ಮಾತು. ಆ ಮಾತು ತುಂಬುವವರೆಗೆ ಅಲ್ಲಿ ಪ್ರಶ್ನೆ ಚಿಹ್ನೆಗಳು ಕಾಯುತ್ತಿರುತ್ತವೆ.

ಇದನ್ನು ನಾನು ಮೊದಲೇ ಕಂಡಿದ್ದೆ. ಸೊರಬದ ಕಡೆಯ ನಮ್ಮೂರ ಶಾಲೆಯಲ್ಲಿ, ಆರನೆಯ ತರಗತಿಯಲ್ಲಿ, ಒಬ್ಬ ಮೇಷ್ಟ್ರು ಬೋರ್ಡಿನ ಮೇಲೆ ಹೀಗೆಯೇ ಬರೆಯುತ್ತಿದ್ದರು. ಮೋಡ, ಕೆರೆ, ಗದ್ದೆ. ಗೆರೆಯ ಮೇಲೆ ಮಾತು. ಬರೆಯುತ್ತಿದ್ದದ್ದು ಎಡಗೈಯಲ್ಲಿ. ನಾನು ಮೇಷ್ಟ್ರಾದದ್ದೇ ಅವರಿಂದ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಅಂಬ್ಲಿಗೊಳ ಜಲಾಶಯದ ನೀರು ಗದ್ದೆಗೆ ಬರುವುದರ ನಕ್ಷೆ ಮಾಡಿ ಪ್ರಿಂಟ್ ತೆಗೆದೆ. ಅವರನ್ನು ಹುಡುಕಿ ತೋರಿಸಬೇಕಿತ್ತು.

ಹೆಸರು ನೆನಪಾಗಲಿಲ್ಲ. ಬಸ್ಸಿನಲ್ಲಿ ಕುಳಿತು ಮುಖವನ್ನಾದರೂ ನೆನೆಯಲು ನೋಡಿದೆ. ಕೈ ಬಂತು, ಉಗುರಿನ ಸಂದಿಯ ಸೀಮೆಸುಣ್ಣದ ಪುಡಿಯೂ ಬಂತು. ಮುಖ ಬರಲಿಲ್ಲ.

ಕುಪ್ಪಗಡ್ಡೆಯಲ್ಲಿ ಅಕ್ಕಿ ಗಿರಣಿ ನಡೆಸುವವನೊಬ್ಬ ನನ್ನ ಜೊತೆ ಓದಿದವನು. ಆರನೆಯ ತರಗತಿಯ ಮೇಷ್ಟ್ರ ಬಗ್ಗೆ ಅವನನ್ನು ಕೇಳಿದೆ.

“ಯಾವ ಮೇಷ್ಟ್ರೋ ಮಾರಾಯ? ಆ ವರ್ಷ ನಮಗೆ ಮೇಷ್ಟ್ರೆಲ್ಲಿದ್ರು? ಮಳೆಗಾಲ ಪೂರ್ತಿ ಸುಮ್ನೆ ಕೂತಿದ್ವಲ್ಲ.”

“ಎಡಗೈಲಿ ಬರೀತಿದ್ರಲ್ಲೋ, ಅವರು.”

ಅವನು ಚೀಲ ಹೊಲಿಯುತ್ತಿದ್ದ ದಬ್ಬಳ ಕೆಳಗಿಟ್ಟ. “ತಮಾಷೆ ಮಾಡ್ತೀಯೇನೋ? ಬರೀತಿದ್ದವ ನೀನೇ ಅಲ್ವಾ. ಆಗ ಬಿಟ್ಟಿ ಮೇಷ್ಟ್ರು, ಈಗ ಸಂಬಳದ ಮೇಷ್ಟ್ರು.” ಅವನೊಬ್ಬನೇ ನಕ್ಕ. ಆಮೇಲೆ ದನಿ ತಗ್ಗಿಸಿದ. “ಬೋರ್ಡಿನ ಹತ್ರ ಹೋದ್ರೆ ಎಡಗೈ, ಬೆಂಚಿಗೆ ಬಂದ್ರೆ ಬಲಗೈ. ದನಿನೂ ಬೇರೆ, ದೊಡ್ಡವರ ಥರ. ನಮ್ಗೆ ಹೆದರಿಕೆ ಆಗ್ತಿತ್ತು. ಯಾರೂ ಮನೇಲಿ ಹೇಳ್ಲಿಲ್ಲ.”

ಅವನ ನೆನಪನ್ನೂ ನಾನು ಪೂರ್ತಿ ನಂಬಲಾರೆ. ಕಥೆ ಕಟ್ಟುವುದರಲ್ಲಿ ಅವನು ಮೊದಲಿಂದಲೂ ಮುಂದು. ಆದರೆ ಉಗುರಿನ ಸಂದಿಯ ಆ ಪುಡಿ? ಬೆಂಚಿನಲ್ಲಿ ಕೂತವರಿಗೆ ಅದು ಕಾಣುವುದಿಲ್ಲ.

ಮುಂದಿನ ಭಾನುವಾರ ಒಂದು ಚೌಕದಲ್ಲಿ ‘ಮೇಷ್ಟ್ರು’, ಇನ್ನೊಂದರಲ್ಲಿ ‘ನಾನು’ ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆದು ಗೆರೆ ಎಳೆದೆ. ಪ್ರಶ್ನೆ ಚಿಹ್ನೆಗಳು ಬಂದು ನಿಂತವು. ಗೆರೆಯ ಮೇಲೆ ಏನೂ ತುಂಬದೆ ಹಾಗೆಯೇ ಬಿಟ್ಟು ಎದ್ದೆ.

ಅಂಬ್ಲಿಗೊಳದ ನಕ್ಷೆಯನ್ನು ತರಗತಿಯಲ್ಲಿ ಕಲಿಸಿದೆ. ಮಕ್ಕಳು ಬೇಗ ಹಿಡಿದುಕೊಂಡರು. ಆದರೆ ಅಂದಿನಿಂದ ಬೋರ್ಡಿನ ಕಡೆ ತಿರುಗುವ ಮುಂಚೆ ಎಡಗೈಯನ್ನು ಜೇಬಿನೊಳಗೆ ಇಟ್ಟುಕೊಳ್ಳುತ್ತೇನೆ.