ದೌಲಪ್ಪನ ನಾಲ್ಕು ಅಂಕಿ

ದೌಲಪ್ಪ ನಮ್ಮ ಕಚೇರಿಯ ಟೆಲಿಫೋನ್ ಆಪರೇಟರ್ ಆಗಿದ್ದ. ೧೯೯೦ರಲ್ಲಿ ಸೇರಿದ, ೨೦೨೪ರಲ್ಲಿ ನಿವೃತ್ತನಾದ. ಅಷ್ಟೂ ವರ್ಷ ಕಲಬುರಗಿಯ ಆ ಕಚೇರಿಯಲ್ಲಿ ಅವನ ಪಕ್ಕದ ಕೋಣೆಯಲ್ಲೇ ನಾನು ಗುಮಾಸ್ತನಾಗಿದ್ದೆ. ಅವನ ಊರು ಕಮಲಾಪುರ. ಆರು ವರ್ಷದವನಿದ್ದಾಗ ದಡಾರ ಬಂದು ಎರಡೂ ಕಣ್ಣು ಹೋದವು. ಅಂಧರ ಶಾಲೆಯಲ್ಲಿ ಓದಿ, ಆಪರೇಟರ್ ತರಬೇತಿ ಮುಗಿಸಿ ನಮ್ಮಲ್ಲಿಗೆ ಬಂದ. ತಾಲೂಕು ಕಚೇರಿಗಳು, ಸಾಹೇಬರ ಮನೆಗಳು, ಆಸ್ಪತ್ರೆ, ಗ್ಯಾಸ್ ಏಜೆನ್ಸಿ ಸೇರಿ ಸುಮಾರು ನಾಲ್ಕುನೂರು ನಂಬರು ಅವನ ತಲೆಯಲ್ಲಿದ್ದವು. ಡೈರೆಕ್ಟರಿ ತಿರುವುವ ಬದಲು ನಾವು ಅವನನ್ನೇ ಕೇಳುತ್ತಿದ್ದೆವು.

ಅವನ ಸಂಬಳದ ಖಾತೆ ಹೆಬ್ಬೆಟ್ಟಿನ ಮೇಲೆ ತೆರೆದದ್ದು. ಹೆಬ್ಬೆಟ್ಟಿನವರಿಗೆ ಆ ಶಾಖೆಯಲ್ಲಿ ಚೆಕ್‌ಬುಕ್ಕೂ ಇಲ್ಲ, ಕಾರ್ಡೂ ಇಲ್ಲ. ತಿಂಗಳಿಗೊಮ್ಮೆ ದುಡ್ಡು ತೆಗೆಯಲು ಅವನು ಬ್ಯಾಂಕಿಗೆ ಹೋಗಿ ಅಧಿಕಾರಿಯ ಎದುರು ಹೆಬ್ಬೆಟ್ಟು ಒತ್ತಬೇಕು, ಪಕ್ಕದಲ್ಲಿ ಸಾಕ್ಷಿ ಇರಬೇಕು. ಸಾಕ್ಷಿ ಬಹಳ ಸಲ ನಾನೇ. ಹೀಗಾಗಿ ಅವನ ಖಾತೆಯಲ್ಲಿ ಎಷ್ಟಿದೆ ಎಂಬುದು ನನಗೆ ಗೊತ್ತು, ಕ್ಯಾಷಿಯರಿಗೆ ಗೊತ್ತು, ಹಿಂದೆ ನಿಂತವರಿಗೂ ಗೊತ್ತು.

೨೦೦೬ರಲ್ಲಿ, ತನ್ನ ನಲವತ್ತೆರಡನೇ ವಯಸ್ಸಿನಲ್ಲಿ, ಸಹಿ ಕಲಿಯಬೇಕೆಂದು ಹಟ ಹಿಡಿದ. ಕಲಿಸಿದವರು ಅವನ ಹೆಂಡತಿ ತುಳಜಾಬಾಯಿ. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತೇನೆ. ಕಮಲಾಪುರದಲ್ಲೇ ಏಳನೇ ಇಯತ್ತೆವರೆಗೆ ಓದಿದವರು. ರಟ್ಟಿನಲ್ಲಿ ಉದ್ದಕ್ಕೆ ಒಂದು ಸೀಳು ಕತ್ತರಿಸಿ, ಅದರೊಳಗೆ ಪೆನ್ನು ಆಡಿಸಲು ಹೇಳಿಕೊಟ್ಟರು. ‘ದೌಲ’ ತನಕ ಎಲ್ಲ ಸರಿ ಬರುತ್ತಿತ್ತು. ಕೊನೆಯ ‘ಪ್ಪ’ದ ಒತ್ತು ಸೀಳಿನ ಕೆಳಗೆ ಇಳಿಯಬೇಕಲ್ಲ, ಅಲ್ಲಿ ರಟ್ಟು ಅಡ್ಡ ಬರುತ್ತಿತ್ತು. ಒಂದು ದಿನ ಒತ್ತು ಪಕ್ಕಕ್ಕೆ ಬೀಳುವುದು, ಒಂದು ದಿನ ಅಕ್ಷರದ ಮೇಲೇ ಕೂರುವುದು. ಆರು ತಿಂಗಳು ರೂಢಿ ಮಾಡಿದ ಮೇಲೆ ಬ್ಯಾಂಕಿನವರು ಒಪ್ಪಿ ಕಾರ್ಡು ಕೊಟ್ಟರು.

ಆಗ ಎಟಿಎಮ್ಮಿನಲ್ಲಿ ಪಿನ್ ಇತ್ತು, ಅಂಗಡಿಯಲ್ಲಿ ಸಹಿ. ಎಟಿಎಮ್ಮಿನ ಗುಂಡಿಗಳ ಕ್ರಮವನ್ನು ಅವನು ಎರಡೇ ದಿನದಲ್ಲಿ ಬಾಯಿಪಾಠ ಮಾಡಿಕೊಂಡ. ತೊಂದರೆ ಬಂದದ್ದು ಅಂಗಡಿಯಲ್ಲಿ.

೨೦೧೦ರಲ್ಲಿ ಅವನ ತಂಗಿಯ ಮಗಳ ಮದುವೆ ಗೊತ್ತಾಯಿತು. ಗಂಡ ಹೆಂಡತಿ ಸೂಪರ್ ಮಾರ್ಕೆಟ್ ಪೇಟೆಯ ಒಂದು ಬಟ್ಟೆ ಅಂಗಡಿಗೆ ಹೋಗಿ ಮೂರು ಸೀರೆ ಆರಿಸಿದರು. ಕಾರ್ಡು ಉಜ್ಜಿದ್ದಾಯಿತು, ಚೀಟಿ ಬಂತು, ದೌಲಪ್ಪ ಸಹಿ ಹಾಕಿದ. ರಟ್ಟು ಮನೆಯಲ್ಲೇ ಉಳಿದಿತ್ತು. ಕೌಂಟರಿನಲ್ಲಿದ್ದವನು ಚೀಟಿಯನ್ನೂ ಕಾರ್ಡಿನ ಬೆನ್ನನ್ನೂ ಹೋಲಿಸಿ ನೋಡಿ, ಸಹಿ ಕೂಡುವುದಿಲ್ಲ ಎಂದ. ಇನ್ನೊಂದು ಸಲ ಹಾಕಿಸಿದರು. ಅದು ಮೊದಲಿನದಕ್ಕೂ ಕೂಡಲಿಲ್ಲ. ಮಾಲಕರು ಎದ್ದು ಬಂದು, ಕಾರ್ಡು ಇವರದೇ ಎಂದು ನಮಗೆ ಹೇಗೆ ತಿಳಿಯಬೇಕು ಎಂದು ವೈನಿಯನ್ನು ಕೇಳಿದರು. ದೌಲಪ್ಪನನ್ನು ಕೇಳಲಿಲ್ಲ. ಕೊನೆಗೆ ಕಚೇರಿಗೆ ಫೋನು ಬಂತು. ಆಪರೇಟರ್ ರಜೆಯಲ್ಲಿದ್ದುದರಿಂದ ನಾನೇ ಎತ್ತಿದೆ. ಹೌದ್ರಿ, ಅವರು ನಮ್ಮವರೇ, ಕಾರ್ಡೂ ಅವರದೇ ಎಂದು ಹೇಳಿದ ಮೇಲೆ ಸೀರೆ ಕಟ್ಟಿಕೊಟ್ಟರು.

ಮರುದಿನ ಚಹಾದ ಹೊತ್ತಿಗೆ ಅವನು ನನಗೆ ಇಷ್ಟು ಹೇಳಿದ: “ನನ್ನ ಹೆಸರು ನಾನೇ ಬರದೀನಿ, ಮಹಾದೇವಪ್ಪ. ಅದು ನಂದು ಹೌದೋ ಅಲ್ಲೋ ಅಂತ ಕಣ್ಣಿದ್ದವರು ಹೇಳಬೇಕಾತು ನೋಡು.”

೨೦೧೩ರ ಡಿಸೆಂಬರಿನಿಂದ ಅಂಗಡಿಗಳಲ್ಲೂ ಪಿನ್ ಒತ್ತಬೇಕೆಂದು ನಿಯಮ ಬಂತು. ಕಚೇರಿಯಲ್ಲಿ ಎಲ್ಲರೂ ಗೊಣಗಿದರು. ಒಬ್ಬರು ಪಿನ್ನನ್ನು ಮೊಬೈಲಿನ ಕವರಿನೊಳಗೆ ಬರೆದಿಟ್ಟರು, ಇನ್ನೊಬ್ಬರು ಕಾರ್ಡಿನ ಮೇಲೇ ಬರೆದರು. ನಾನು ಹುಟ್ಟಿದ ಇಸವಿ ಇಟ್ಟುಕೊಂಡೆ. ಗೊಣಗದವನು ದೌಲಪ್ಪ ಒಬ್ಬನೇ. ಆ ವಾರವೇ ಅದೇ ಬಟ್ಟೆ ಅಂಗಡಿಗೆ ಹೋಗಿ ಎರಡು ಟವೆಲ್ ಕೊಂಡ. ಮಷೀನು ಕೈಗೆ ಬಂದಾಗ ಬೆರಳು ಐದರ ಗುಂಡಿಯ ಮೇಲಿನ ಉಬ್ಬು ಚುಕ್ಕಿಯನ್ನು ತಾನಾಗಿ ಹುಡುಕಿತು. ಅಂಕಿಗಳೆಲ್ಲ ಅವನ ಟೆಲಿಫೋನಿನಲ್ಲಿ ಇದ್ದಲ್ಲೇ ಇದ್ದವು. ನಾಲ್ಕು ಸಲ ಒತ್ತಿದ, ಚೀಟಿ ಬಂತು. ಯಾರೂ ಏನೂ ಕೇಳಲಿಲ್ಲ.

ಆ ನಾಲ್ಕು ಅಂಕಿಯನ್ನು ಅವನು ಯಾರಿಗೂ ಹೇಳಲಿಲ್ಲ. ವೈನಿಗೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ಏಳೆಂಟು ವರ್ಷ ಹಾಗೇ ನಡೆಯಿತು.

ಕೊರೋನಾ ಇಳಿಯುವ ಹೊತ್ತಿಗೆ ಅಂಗಡಿಗಳಲ್ಲಿ ಹೊಸ ಮಷೀನು ಬಂದವು. ಅವುಗಳಲ್ಲಿ ಗುಂಡಿ ಇಲ್ಲ, ಬರೀ ಗಾಜು. ಸೇಡಂ ರಸ್ತೆಯ ಒಂದು ಔಷಧಿ ಅಂಗಡಿಯಲ್ಲಿ ದೌಲಪ್ಪ ಗಾಜಿನ ಮೇಲೆ ಬೆರಳು ಆಡಿಸಿ ನೋಡಿದ. ಎಲ್ಲಿ ಮುಟ್ಟಿದರೂ ಒಂದೇ ನುಣುಪು. ನಂಬರು ಹೇಳಿರಿ, ನಾನೇ ಒತ್ತುತ್ತೇನೆ ಎಂದು ಅಂಗಡಿಯವನು ಸಹಜವಾಗಿಯೇ ಅಂದ. ಹಿಂದೆ ಜನ ನಿಂತಿದ್ದರು. ದೌಲಪ್ಪ ಹೇಳಿಬಿಟ್ಟ. ಅದರಿಂದ ಏನೂ ಆಗಲಿಲ್ಲ, ಖಾತೆಯಿಂದ ಒಂದು ರೂಪಾಯಿಯೂ ಹೋಗಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಕಚೇರಿಗೆ ಬರುವ ಮೊದಲು ಮಾತಾಡುವ ಎಟಿಎಮ್ಮಿಗೆ ಹೋಗಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪಿನ್ ಬದಲಿಸಿದ.

ಆಮೇಲೆ ಬ್ಯಾಂಕಿನ ಮ್ಯಾನೇಜರ್ ಗುರುಪ್ರಸಾದರನ್ನು ಕಾಣಲು ಹೋದ. ನಾನೂ ಜೊತೆಗಿದ್ದೆ. ತನಗೊಬ್ಬನಿಗೆ ಮತ್ತೆ ಸಹಿಯ ಕಾರ್ಡು ಕೊಡಲು ಬರುತ್ತದೆಯೇ ಎಂದು ಕೇಳಿದ. ಮ್ಯಾನೇಜರು ಒಳ್ಳೆಯವರು, ಕೂಡಿಸಿ ಮಾತಾಡಿದರು. ಸಹಿಯ ಕಾಲ ಮುಗಿಯಿತು, ಯಾರ ಸಹಿಯನ್ನು ಯಾರು ಬೇಕಾದರೂ ನಕಲು ಮಾಡಬಹುದು, ಪಿನ್ನೇ ಭದ್ರ ಎಂದರು. ಬೇಕಾದರೆ ಕಾರ್ಡನ್ನು ಮಷೀನಿಗೆ ಬರೀ ತಾಗಿಸಿದರೆ ಸಾಕು, ಐದು ಸಾವಿರದವರೆಗೆ ಪಿನ್ ಬೇಡ ಎಂದೂ ಹೇಳಿದರು. ಕಾರ್ಡು ಕಳೆದರೆ ಸಿಕ್ಕವರೂ ಹಾಗೇ ತಾಗಿಸಬಹುದೇ ಎಂದು ದೌಲಪ್ಪ ಕೇಳಿದ. ನೀವು ಫೋನು ಮಾಡಿ ನಿಲ್ಲಿಸುವ ತನಕ ಬರುತ್ತದೆ ಎಂದರು. ಅವನು ಎರಡು ದಿನ ಯೋಚಿಸಿ, ತಾಗಿಸುವ ಮಿತಿಯನ್ನು ಐನೂರಕ್ಕೆ ಇಳಿಸಿಕೊಂಡ. ಐನೂರು ಹೋದರೆ ಹೋಗಲಿ ಅಂದ. ಮೊಬೈಲಿನಿಂದ ಕೊಡಬಹುದಲ್ಲ ಎಂದು ನಾನು ಹೇಳಿದೆ. ಅವನ ಹತ್ತಿರ ಇದ್ದದ್ದು ಗುಂಡಿಯ ಮೊಬೈಲು. ಗಾಜಿನದು ಅವನಿಗೆ ಕೈಗೂಡಲೇ ಇಲ್ಲ.

೨೦೨೨ರಲ್ಲಿ ವೈನಿಗೆ ಪಿತ್ತಕೋಶದಲ್ಲಿ ಕಲ್ಲು ಎಂದಾಯಿತು. ಖಾಸಗಿ ಆಸ್ಪತ್ರೆಯೊಂದರಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಆಪರೇಷನ್. ಹಿಂದಿನ ದಿನದಿಂದ ಅವರು ಅನ್ನ ನೀರು ಬಿಟ್ಟಿದ್ದರು. ಹತ್ತು ಗಂಟೆಗೆ, ಎಟಿಎಮ್ಮಿನಿಂದ ಒಂದು ದಿನಕ್ಕೆ ತೆಗೆಯಲಾಗದಷ್ಟು ಮುಂಗಡ ಕಟ್ಟಲು ನಾವಿಬ್ಬರೂ ಕೌಂಟರಿಗೆ ಹೋದೆವು. ಅಲ್ಲಿದ್ದವಳು ಪ್ರೀತಿ ಎಂಬ ಹುಡುಗಿ. ಮಷೀನು ಗಾಜಿನದು. ಅಂಕಲ್, ಮೆಲ್ಲಗೆ ಹೇಳಿರಿ, ಯಾರೂ ಕೇಳುವುದಿಲ್ಲ ಎಂದಳು. ಹಿಂದೆ ಏಳೆಂಟು ಜನ ಇದ್ದರು. ಗುಂಡಿಯ ಮಷೀನು ಇಲ್ಲವೇ ಎಂದು ದೌಲಪ್ಪ ಕೇಳಿದ. ಆಕೆ ಎರಡು ಕಡೆ ಫೋನು ಮಾಡಿ, ಕೆಳಗಿನ ಔಷಧಿ ವಿಭಾಗದಲ್ಲಿ ಹಳೆಯದೊಂದು ಇದೆ, ಚಾರ್ಜ್ ಇಲ್ಲವಂತೆ ಎಂದಳು.

“ನನಗ ಹೇಳು, ನಾ ಒತ್ತತೀನಿ,” ಎಂದೆ ನಾನು. ಅವನು ತಲೆ ಅಲ್ಲಾಡಿಸಿದ. ಅಷ್ಟು ವರ್ಷ ಅವನ ಹೆಬ್ಬೆಟ್ಟಿಗೆ ಸಾಕ್ಷಿ ಹಾಕಿದವನು ನಾನು. ನನಗೆ ಚುಚ್ಚಿದಂತಾಯಿತು. ಆದರೆ ಅದು ಮಾತಾಡುವ ಹೊತ್ತಲ್ಲ.

ಮಷೀನು ಚಾರ್ಜಿಗೆ ಹಾಕಿ ಅರ್ಧ ಗಂಟೆ ಕಾದೆವು. ಆಮೇಲೆ ಅದರ ಕಾಗದದ ಸುರುಳಿ ಮುಗಿದಿತ್ತು, ಅದನ್ನು ತರಿಸಿದರು. ದುಡ್ಡು ಕಟ್ಟಿ ಮೇಲೆ ಹೋಗುವಷ್ಟರಲ್ಲಿ ಡಾಕ್ಟರು ಬೇರೆ ರೋಗಿಯನ್ನು ಒಳಗೆ ಕರೆದುಕೊಂಡಿದ್ದರು. ವೈನಿಯ ಸರದಿ ಮೂರು ಗಂಟೆಗೆ ಹೋಯಿತು. ಅಲ್ಲಿಯವರೆಗೆ ಅವರು ಒಣ ತುಟಿಯಲ್ಲಿ ಮಲಗಿದ್ದರು. ಯಾಕೆ ತಡ ಎಂದು ಎರಡು ಸಲ ಕೇಳಿದರು. ಮಷೀನು ಕೆಟ್ಟಿತ್ತು ಎಂದೆ. ದೌಲಪ್ಪ ಮಂಚದ ಪಕ್ಕ ಕೂತು ಅವರ ಪಾದ ಹಿಡಿದುಕೊಂಡಿದ್ದ. ಆಪರೇಷನ್ ಸುಸೂತ್ರವಾಗಿ ಆಯಿತು.

ನಿಜ ಏನೆಂದು ದೌಲಪ್ಪನೇ ವೈನಿಗೆ ಹೇಳಿದ, ಕೋಟನೂರ ಕಡೆಯ ಅವರ ಮನೆಗೆ ಬಂದ ನಾಲ್ಕನೇ ದಿನ. ಹಣ್ಣು ತೆಗೆದುಕೊಂಡು ನಾನು ಹೋದದ್ದು ಅದೇ ಹೊತ್ತಿಗೆ. ಎದ್ದು ಬರಲು ನೋಡಿದೆ. ಕೂಡ್ರಿ, ನೀವೂ ಅಲ್ಲೇ ಇದ್ದಿರಲ್ಲ ಎಂದರು ವೈನಿ.

“ನೀರಿಲ್ದ ಮಲಗಿಸಿದ್ರಿ ಅಂತ ನನಗ ಸಿಟ್ಟಿಲ್ರಿ,” ಎಂದು ಗಂಡನಿಗೆ ಹೇಳಿದರು. “ಮೂವತ್ತು ವರ್ಷ ನಿಮಗ ಬಂದ ಕಾಗದ ಎಲ್ಲಾ ನಾನೇ ಓದೀನಿ. ನನ್ನ ಮುಂದೂ ಆ ನಾಕು ಅಂಕಿ ಆಡಲಿಲ್ಲಲ್ಲ.”

ದೌಲಪ್ಪ ಹೇಳಿದ: “ನೀ ಓದಿದ್ದೆಲ್ಲಾ ನನಕಿಂತ ಮೊದಲ ನಿನಗ ಗೊತ್ತಾಗಿರತದ. ನಂದ ಕಾಗದ, ನಂದ ಪಗಾರ, ನಂದ ರೋಗ. ನನಗಷ್ಟ ಗೊತ್ತಿರೂದು ಇದೊಂದ ಅದ, ತುಳಜಾ.”

ವೈನಿ ಆ ಮಾತನ್ನು ತಳ್ಳಿಹಾಕಲಿಲ್ಲ. ಕೈಯಲ್ಲಿದ್ದ ಗುಳಿಗೆ ನುಂಗಿ, ಲೋಟ ಕೆಳಗಿಟ್ಟು, “ನಿಮಗೇನರೆ ಆದ್ರ ನಾ ಏನ್ ಮಾಡ್ಲಿ, ಅದನ್ನರೆ ಹೇಳ್ರಿ,” ಎಂದರು.

ನಾನು ಬಂದುಬಿಟ್ಟೆ. ಹದಿನೈದು ದಿನ ಕಚೇರಿಯಲ್ಲಿ ಅವನು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮುಂದಿನ ತಿಂಗಳು ಗಂಡ ಹೆಂಡತಿ ಬ್ಯಾಂಕಿಗೆ ಹೋಗಿ ಖಾತೆಯನ್ನು ಜಂಟಿ ಮಾಡಿಸಿದರು. ವೈನಿಯ ಹೆಸರಿಗೆ ಬೇರೆಯೇ ಕಾರ್ಡು ಬಂತು. ಅವರು ಎಟಿಎಮ್ಮಿನೊಳಗೆ ಪಿನ್ ಇಡುವಾಗ ದೌಲಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದನಂತೆ. ಹೊರಗೆ ಬಂದು, ನಿಮಗೆ ಹೇಳಲೇ ಎಂದು ಅವರು ಕೇಳಿದರು. ಬೇಡ, ನಿನ್ನ ಹತ್ತಿರವೇ ಇರಲಿ ಅಂದ. ಇದನ್ನು ನನಗೆ ಹೇಳುವಾಗ ವೈನಿ ನಕ್ಕರು. ಅವರ ಸಿಟ್ಟು ಪೂರ್ತಿ ಇಳಿದಿತ್ತೋ ಇಲ್ಲವೋ ನನಗೆ ತಿಳಿಯದು.

ನಿವೃತ್ತಿಯಾದ ಮೇಲೆ ಅವರು ಕಮಲಾಪುರಕ್ಕೆ ಹೋದರು. ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಎರಡು ಕೋಣೆಯ ಮನೆ. ಗಾಜಿನ ಮಷೀನಿನ ಬಗ್ಗೆ ಬ್ಯಾಂಕಿನ ಮುಖ್ಯ ಕಚೇರಿಗೆ ದೌಲಪ್ಪ ಮೂರು ಪತ್ರ ಬರೆಸಿದ. ಪರಿಶೀಲಿಸಲಾಗುವುದು ಎಂದು ಒಂದಕ್ಕೆ ಉತ್ತರ ಬಂತು.

ಈ ವರ್ಷ ಜನವರಿಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಸಂಜೆ ನಾಲ್ಕಕ್ಕೆ ಮೂವರೂ ಶಿವಲಿಂಗನ ಕಿರಾಣಿ ಅಂಗಡಿಗೆ ಹೋದೆವು. ಶಿವಲಿಂಗನ ಹೊಸ ಮಷೀನು ಗಾಜಿನದೇ. ಆದರೆ ಅದರಲ್ಲಿ ಒಂದು ಸೌಕರ್ಯ ಇತ್ತು: ಇಯರ್‌ಫೋನ್ ಹಾಕಿಕೊಂಡು ಬೆರಳು ಜಾರಿಸಿದರೆ ಅಂಕಿಯ ಹೆಸರು ಕಿವಿಯಲ್ಲಿ ಕೇಳುತ್ತದೆ, ಬೇಕಾದ ಕಡೆ ಎರಡು ಸಲ ತಟ್ಟಬೇಕು. ಒಂದು ವಾರದಿಂದ ದೌಲಪ್ಪ ಅದನ್ನು ಕಲಿಯುತ್ತಿದ್ದ. ಅವತ್ತು ಮೊದಲ ಸಲ ತಪ್ಪಿತು. ರಸ್ತೆಯ ಲಾರಿಗಳ ಸದ್ದಿನಲ್ಲಿ ಸರಿಯಾಗಿ ಕೇಳುತ್ತಿಲ್ಲ ಅಂದ. ಎರಡನೇ ಸಲವೂ ತಪ್ಪಿತು. ನಮ್ಮ ಹಿಂದೆ ಎಣ್ಣೆ ಡಬ್ಬಿ ಹಿಡಿದು ಇಬ್ಬರು ಕಾಯುತ್ತಿದ್ದರು. ವೈನಿ ತಮ್ಮ ಕಾರ್ಡನ್ನು ಚೀಲದಿಂದ ತೆಗೆಯದೆ ಸುಮ್ಮನೆ ನಿಂತಿದ್ದರು.

ಮೂರನೇ ಸಲ ತಪ್ಪಿದರೆ ಕಾರ್ಡು ಆ ದಿನಕ್ಕೆ ಬಂದ್ ಆಗುತ್ತದೆ. ದೌಲಪ್ಪ ಇಯರ್‌ಫೋನ್ ತೆಗೆದು, “ಇವತ್ತಿಗೆ ಸಾಕು. ನೀ ಕೊಡು,” ಅಂದ.

ವೈನಿ ಕಾರ್ಡು ತೆಗೆದು ಮಷೀನನ್ನು ತಮ್ಮ ಕಡೆ ಎಳೆದುಕೊಂಡರು. ಶಿವಲಿಂಗ ಮುಖ ಆಚೆ ತಿರುಗಿಸಿದ, ನಾನೂ ತಿರುಗಿಸಿದೆ. ದೌಲಪ್ಪನೂ ರಸ್ತೆಯ ಕಡೆ ಮುಖ ಮಾಡಿ ನಿಂತ. ಚೀಟಿ ಬಂದ ಮೇಲೆ ಬೇಳೆ ಸಕ್ಕರೆಯ ಚೀಲ ಅವನು ಹಿಡಿದುಕೊಂಡ, ಎಣ್ಣೆ ನಾನು ಹಿಡಿದೆ. ಮನೆಗೆ ನಡೆದೆವು.