ಕಮರಿಯೂ ಬೆಟ್ಟವೇ ಅಂತೆ

ಸ್ನೇಹಿತರೇ, ಗಂಡಿಕೋಟದ ಕಮರಿಯೂ ಬೆಟ್ಟವೇ ಎಂದು ಇವತ್ತು ಬೆಳಿಗ್ಗೆ ಆಲ್ಕೊಳದಲ್ಲಿ ತೀರ್ಪಾಯಿತು. ತೀರ್ಪು ಕೊಟ್ಟವರು ನಮ್ಮ ಯಜಮಾನರ ಅಕ್ಕ.

ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಆ ಕಮರಿಯನ್ನು ಒಮ್ಮೆ ನೋಡಬೇಕು ಎಂದು ಕೊನೆಯವರೆಗೂ ಹೇಳುತ್ತಿದ್ದರು. ಬಿಸಿಲು ಏರುವ ಕಾಲ ಬರುವ ಮೊದಲು, ಈ ಚಳಿಯಲ್ಲೇ ಎರಡು ದಿನ ಹೋಗಿಬರೋಣ ಎಂದು ಪಕ್ಕದ ಮನೆಯ ಶಬಾನಾ ಮತ್ತು ನಾನು ಯೋಚಿಸಿದ್ದೆವು. ಬೆಳಿಗ್ಗೆ ಬಂಡೆಗಳ ನಡುವೆ ಹೊಳೆಯವರೆಗೆ ಇಳಿಯುವುದು, ಸಂಜೆಯೊಳಗೆ ಮೇಲೆ ಬರುವುದು. ಅಕ್ಕನಿಗೆ ಒಂದು ಮಾತು ಹೇಳೋಣ ಎಂದು ಇಬ್ಬರೂ ಆಲ್ಕೊಳದ ಅವರ ಮನೆಗೆ ಹೋದದ್ದೇ ತಪ್ಪಾಯಿತು.

"ವರ್ಷಾಂತಿಕ ಆಗೋ ತನಕ ಬೆಟ್ಟ ಹತ್ತಬಾರದು ಮಾರಾಯ್ತಿ!"

"ಅದು ಬೆಟ್ಟ ಅಲ್ಲ ಅಕ್ಕಾ, ಕಮರಿ. ಇಳಿಯೋದು."

"ಇಳಿದವಳು ಅಲ್ಲೇ ಮನೆ ಮಾಡ್ತೀಯಾ? ವಾಪಸ್ ಹತ್ತಲ್ವಾ?"

ಶಬಾನಾ ಮೆಲ್ಲಗೆ ಕೇಳಿದಳು, "ಅರ್ಧ ಇಳಿದ್ರೆ ನಡೆಯುತ್ತಾ ಅಕ್ಕಾ?"

ಅಕ್ಕ ನಗಲಿಲ್ಲ. "ನಿನಗೇನಮ್ಮ, ಹೋಗಿದ್ದು ನನ್ನ ತಮ್ಮ" ಎಂದು ನನ್ನ ಕಡೆ ನೋಡಿ ಕಣ್ಣೊರೆಸಿಕೊಂಡರು.

ಕಾಫಿ ಮುಗಿಸಿ ಎದ್ದು ಬಂದೆವು. ಶನಿವಾರ ಹೊರಡುತ್ತೇವೆ.

ಭದ್ರಾವತಿಯ ನಮ್ಮ ಮನೆ ಇರುವುದು ಎರಡನೇ ಮಹಡಿಯಲ್ಲಿ. ಇವರು ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದಾಗ ಅಕ್ಕ ಎರಡು ಸಲ ಬಂದು, ಮಂಡಿ ನೋವು ಎಂದು ಗೇಟಿನಲ್ಲೇ ಹಣ್ಣು ಕೊಟ್ಟು ಹೋದರು. ಹತ್ತಬಾರದು ಎಂಬ ಶಾಸ್ತ್ರವನ್ನು ಅವರು ತಮ್ಮನ ಜೀವ ಇದ್ದಾಗಿನಿಂದಲೇ ಪಾಲಿಸಿಕೊಂಡು ಬಂದಿದ್ದಾರೆ.